ಸಿಎಚ್340 ಕೇಬಲ್ ಎರಡಿದ್ರೆ ವಿಎಂಗೆ ನಿಲ್ತಿಲ್ಲ: ತಕ್ಕಡಿ ಬಂದ್ರೆ ಫ್ಯಾಟ್ ಮಿಷನ್ ಇಲ್ಲ

ಡೇರಿಪಿಸಿ_ಮಂಡ್ಯ
ಎಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ಒಂದು ಹಾಲಿನ ಸೊಸೈಟಿಯ ಪಿಸಿ ಇದು. ಹೋಸ್ಟ್ (ಅಸಲಿ ಪಿಸಿ) ಉಬುಂಟು 22.04, ಅದರ ಮೇಲೆ ಕೆವಿಎಂ-ಲಿಬ್‌ವರ್ಟ್‌ನಲ್ಲಿ (ಪಿಸಿಯೊಳಗೆ ಇನ್ನೊಂದು ಪಿಸಿ, ಅಂದ್ರೆ ವಿಎಂ, ಓಡಿಸೋ ಸಾಫ್ಟ್‌ವೇರ್) ವಿಂಡೋಸ್ 10. ಹಾಲು ಹಾಕಿಸ್ಕೊಳ್ಳೋ ಸಾಫ್ಟ್‌ವೇರ್ ವಿಂಡೋಸಲ್ಲಿ ಮಾತ್ರ ಓಡತ್ತೆ. ತಕ್ಕಡಿಗೊಂದು, ಫ್ಯಾಟ್ ಮಿಷನ್‌ಗೊಂದು ಯುಎಸ್‌ಬಿ-ಸೀರಿಯಲ್ ಕೇಬಲ್ ಇದೆ, ಎರಡರಲ್ಲೂ ಸಿಎಚ್340 ಚಿಪ್, ಎರಡರ ಐಡಿನೂ 1ಎ86:7523. ಹೋಸ್ಟ್‌ಡೆವ್ ಆಗಿ (ಹೋಸ್ಟಿನ ಡಿವೈಸನ್ನ ಹಾಗೇ ವಿಎಂಗೆ ಕೊಡೋದು) ಐಡಿ ಕೊಟ್ರೆ ‘ಮಲ್ಟಿಪಲ್ ಯುಎಸ್‌ಬಿ ಡಿವೈಸಸ್’ ಅಂತ ಎರರ್ ಬಂದು ವಿಎಂ ಏಳೋದೇ ಇಲ್ಲ. ಬಸ್ ಮತ್ತು ಡಿವೈಸ್ ನಂಬರ್ ಹಾಕಿದ್ರೆ ಏಳತ್ತೆ, ಆದ್ರೆ ಬಲ್ಕ್ ಕೂಲರ್ ಕಂಪ್ರೆಸರ್ ಆನ್ ಆದ ತಕ್ಷಣ ಒಂದು ಕೇಬಲ್ ಬಿಟ್ಟುಹೋಗತ್ತೆ, ಮತ್ತೆ ಸಿಗಲ್ಲ. ಬೆಳಿಗ್ಗೆ ಜನ ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತಿರುವಾಗ ವಿಎಂ ಆಫ್-ಆನ್ ಮಾಡೋಕಾಗಲ್ಲ. ಇಡೀ ಯುಎಸ್‌ಬಿ ಕಂಟ್ರೋಲರನ್ನೇ ಪಿಸಿಐ ಪಾಸ್‌ಥ್ರೂ ಮಾಡಿ ವಿಎಂಗೆ ಒಪ್ಪಿಸಿದ್ರೆ ಸರಿಹೋಗತ್ತಾ?

ಕರ್ನಲ್_ಕುವೆಂಪುನಗರ
ಕಂಟ್ರೋಲರ್ ಕೊಡ್ಬೇಡಿ. ಇಂಟೆಲ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಹೆಚ್ಚಿನ ಪೋರ್ಟುಗಳೆಲ್ಲ 00:14.0 ಅನ್ನೋ ಪಿಸಿಐ ವಿಳಾಸದಲ್ಲಿರೋ ಒಂದೇ ಕಂಟ್ರೋಲರ್ ಮೇಲಿರತ್ತೆ. ಅದನ್ನ ವಿಎಂಗೆ ಕೊಟ್ರೆ ಹೋಸ್ಟ್‌ನ ಕೀಬೋರ್ಡ್, ಮೌಸ್ ಕೂಡ ಅದರ ಜೊತೆಗೇ ಹೋಗತ್ತೆ. ಅದೇ ಐಒಎಂಎಂಯು ಗ್ರೂಪಲ್ಲಿ (ಒಟ್ಟಿಗೇ ಕೊಡ್ಬೇಕಾದ ಡಿವೈಸ್‌ಗಳ ಗುಂಪು) 00:14.2 ಡಿವೈಸ್ ಇದ್ರೆ ಅದನ್ನೂ ಹೋಸ್ಟ್‌ನಿಂದ ಬಿಡಿಸ್ಬೇಕು. ಬೇರೆ ಪಿಸಿಐ-ಇ ಯುಎಸ್‌ಬಿ ಕಾರ್ಡ್ ಹಾಕೋದಾದ್ರೆ ಮಾತ್ರ ಆ ದಾರಿ.

ನಂಬರ್ ಕೊಟ್ರೂ ಯಾಕೆ ನಿಲ್ಲಲ್ಲ ಅಂದ್ರೆ, ಕೇಬಲ್ ಬಿಟ್ಟು ಮತ್ತೆ ಸೇರಿದಾಗಲೆಲ್ಲ ಕರ್ನಲ್ ಹೊಸ ಡಿವೈಸ್ ನಂಬರ್ ಕೊಡತ್ತೆ. 7 ಇದ್ದದ್ದು 8 ಆಗತ್ತೆ, ನಿಮ್ಮ ವಿಎಂನ ಎಕ್ಸ್‌ಎಂಎಲ್ ಸೆಟ್ಟಿಂಗ್ ಫೈಲಲ್ಲಿ ಇನ್ನೂ 7 ಇರತ್ತೆ. ಸಾಮಾನ್ಯ ಸಿಎಚ್340 ಚಿಪ್‌ಗೆ ತನ್ನದೇ ಸೀರಿಯಲ್ ನಂಬರ್ ಇರಲ್ಲ, ಹಾಗಾಗಿ ‘ಬೈ-ಐಡಿ’ ಹೆಸರಿಂದಲೂ (ಚಿಪ್‌ನ ಗುರುತಿನಿಂದ ಹೋಸ್ಟ್ ಕೊಡೋ ಹೆಸರು) ಬೇರ್ಪಡಿಸೋಕಾಗಲ್ಲ. ಎಫ್‌ಟಿಡಿಐ ಕಂಪನಿಯ ಚಿಪ್ ಇರೋ ಕೇಬಲ್‌ಗಳಲ್ಲಿ ಆ ನಂಬರ್ ಸಾಮಾನ್ಯವಾಗಿ ಇರತ್ತೆ.

ನಿಮಗೆ ಬೇಕಿರೋದು ಯುಎಸ್‌ಬಿ ಡಿವೈಸ್ ಅಲ್ಲ, ಅದರೊಳಗಿನ ಸೀರಿಯಲ್ ಲೈನ್ ಮಾತ್ರ. ಡ್ರೈವರ್ ಹೋಸ್ಟಲ್ಲೇ ಇರ್ಲಿ. ಎರಡೂ ಹೋಸ್ಟ್‌ಡೆವ್ ತೆಗೀರಿ, ವಿಎಂಗೆ ಎರಡು ಸೀರಿಯಲ್ ಪೋರ್ಟ್ ಕೊಡಿ. ವಿಂಡೋಸ್‌ಗೆ ಅವು ಮಾಮೂಲಿ ಕಾಮ್1, ಕಾಮ್2 ಆಗಿ ಕಾಣತ್ತೆ, ಗೆಸ್ಟಲ್ಲಿ (ವಿಎಂ ಒಳಗಿನ ವಿಂಡೋಸ್) ಸಿಎಚ್340 ಡ್ರೈವರೂ ಬೇಡ. ಹೋಸ್ಟಲ್ಲಿ /ಡೆವ್/ಸೀರಿಯಲ್/ಬೈ-ಪಾತ್ ಒಳಗಿನ ಹೆಸರು ಬಳಸಿ. ಅದು ಕೇಬಲ್ ಚುಚ್ಚಿದ ಪೋರ್ಟಿಗೆ ಕಟ್ಟಿಕೊಂಡಿರತ್ತೆ, ಆದ್ದರಿಂದ ಯಾವ ಕೇಬಲ್ ಯಾವ ಪೋರ್ಟಲ್ಲಿ ಅಂತ ಸ್ಟಿಕರ್ ಅಂಟಿಸಿಬಿಡಿ.

ಒಂದು ಅಡ್ಡಿ: 22.04ರಲ್ಲಿ ಬಿಆರ್‌ಎಲ್‌ಟಿಟಿವೈ ಅನ್ನೋ ಬ್ರೈಲ್ ಸೇವೆ ಇದೇ 1ಎ86:7523ನ ಬ್ರೈಲ್ ಯಂತ್ರ ಅಂದ್ಕೊಂಡು ಹಿಡ್ಕೊಳ್ಳತ್ತೆ, ಕೇಬಲಿನ ಡಿವೈಸ್ ಫೈಲ್ ಟಿಟಿವೈಯುಎಸ್‌ಬಿ0 ಬಂದ ಹಾಗೆ ಬಂದು ಮಾಯ. ಡಿಮೆಸೇಜಲ್ಲಿ (ಕರ್ನಲ್ ಲಾಗ್) ಅದರ ಹೆಸರು ಕಾಣತ್ತೆ. ಬ್ರೈಲ್ ಬಳಸೋರು ಇಲ್ದಿದ್ರೆ ಆ ಪ್ಯಾಕೇಜ್ ತೆಗೆದುಹಾಕಿ.

ಸೀರಿಯಲ್_ಸರಸ್ವತಿಪುರಂ
ಮೇಲಿನದು ಸರಿ, ಆದ್ರೆ ಕಂಪ್ರೆಸರ್ ತೊಂದರೆಗೆ ಅಷ್ಟೇ ಸಾಲದು. ಸೀರಿಯಲನ್ನ ನೇರವಾಗಿ ಕೊಟ್ರೆ ಕ್ಯೂಎಂಯು (ವಿಎಂ ಓಡಿಸೋ ಪ್ರೋಗ್ರಾಂ) ಆ ಡಿವೈಸ್ ಫೈಲ್ ಒಂದೇ ಸಲ ತೆರೆಯತ್ತೆ. ಕೇಬಲ್ ಬಿಟ್ಟು ಬಂದ್ರೆ ಮತ್ತೆ ತೆರೆಯಲ್ಲ. ವಿಂಡೋಸ್ ಒಳಗಿಂದ ರೀಸ್ಟಾರ್ಟ್ ಮಾಡಿದ್ರೂ ಅದೇ ಪ್ರೋಸೆಸ್ ಓಡ್ತಿರತ್ತೆ, ಪೂರ್ತಿ ಶಟ್‌ಡೌನ್ ಬೇಕು.

ಮಧ್ಯೆ ಎಸ್‌ಇಆರ್2ನೆಟ್ (ಸೀರಿಯಲ್ ಲೈನನ್ನ ಟಿಸಿಪಿ ಪೋರ್ಟಾಗಿ ಕೊಡೋ ಪ್ರೋಗ್ರಾಂ) ಇಡಿ. /ಇಟಿಸಿಯಲ್ಲಿರೋ ಅದರ ಯಾಮಲ್ ಸೆಟ್ಟಿಂಗ್ ಫೈಲಲ್ಲಿ ಎರಡು ಕನೆಕ್ಷನ್: ತಕ್ಕಡಿಗೆ ಲೋಕಲ್‌ಹೋಸ್ಟ್ 3001, ಫ್ಯಾಟ್ ಮಿಷನ್‌ಗೆ 3002. ಕನೆಕ್ಟರ್ ಸಾಲಲ್ಲಿ ಸೀರಿಯಲ್‌ಡೆವ್, ಬೈ-ಪಾತ್ ಹೆಸರು, 9600ಎನ್81 (ವೇಗ 9600, ಪ್ಯಾರಿಟಿ ಇಲ್ಲ, 8 ಡೇಟಾ ಬಿಟ್, 1 ಸ್ಟಾಪ್ ಬಿಟ್), ಲೋಕಲ್. ಹಳೇ ಕನೆಕ್ಷನ್ ಬಿಡಿಸಿ ಹೊಸದನ್ನ ಸೇರಿಸೋಕೆ ಕಿಕ್‌ಓಲ್ಡ್‌ಯೂಸರ್ ಟ್ರೂ ಮಾಡಿ. ವಿಎಂ ಸೆಟ್ಟಿಂಗ್ ಬದಲಿಸೋ ‘ವರ್ಷ್ ಎಡಿಟ್’ನಲ್ಲಿ ಸೀರಿಯಲ್ ಟೈಪ್ ಟಿಸಿಪಿ, ಮೋಡ್ ಕನೆಕ್ಟ್, ಪ್ರೋಟೋಕಾಲ್ ರಾ. ಸೋರ್ಸ್ ಒಳಗೆ ರೀಕನೆಕ್ಟ್ ಎನೇಬಲ್ಡ್ ಯೆಸ್, ಟೈಮ್‌ಔಟ್ 5. ಕೇಬಲ್ ಬಿಟ್ರೆ ಟಿಸಿಪಿ ಕನೆಕ್ಷನ್ ಮುಚ್ಚತ್ತೆ, ಕ್ಯೂಎಂಯು 5 ಸೆಕೆಂಡಿಗೊಮ್ಮೆ ಮತ್ತೆ ಕೇಳತ್ತೆ, ಕೇಬಲ್ ಬಂದ ಮೇಲೆ ಸೇರ್ಕೊಳ್ಳತ್ತೆ. ವಿಂಡೋಸ್ ಪಾಲಿಗೆ ಕಾಮ್ ಪೋರ್ಟ್ ಹೋಗಿರೋದೇ ಇಲ್ಲ.

ಹಾರ್ಡ್‌ವೇರ್ ಕಡೆನೂ ನೋಡಿ. ಡಿಮೆಸೇಜಲ್ಲಿ ‘ಡಿಸೇಬಲ್ಡ್ ಬೈ ಹಬ್ (ಇಎಂಐ?)’ ಅಂತ ಇದ್ರೆ ಅದು ಮೋಟರಿನ ವಿದ್ಯುತ್ ಗದ್ದಲ. ಪವರ್ ಇಲ್ಲದ ಹಬ್ ತೆಗೆದು ನೇರ ಬೋರ್ಡಿನ ಪೋರ್ಟಿಗೆ ಚುಚ್ಚಿ. ಯುಎಸ್‌ಬಿ ಭಾಗ ಗಿಡ್ಡ ಇರ್ಲಿ, ಉದ್ದ ಬೇಕಾದ್ರೆ ಆರ್‌ಎಸ್-232 ಕಡೆ ಎಳೀರಿ. 9600ಕ್ಕೆ 15 ಮೀಟರ್ ಆರಾಮಾಗಿ ಹೋಗತ್ತೆ. ಕಂಪ್ರೆಸರ್ ವೈರಿನ ಪಕ್ಕದಲ್ಲೇ ಓಡಿಸ್ಬೇಡಿ, ಪಿಸಿ ಪ್ಲಗ್ಗಿನ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಡೇರಿಪಿಸಿ_ಮಂಡ್ಯ
ಇಬ್ಬರಿಗೂ ಧನ್ಯವಾದ. ಬಿಆರ್‌ಎಲ್‌ಟಿಟಿವೈ ತೆಗೆದ ಮೇಲೆ ಎರಡೂ ಬೈ-ಪಾತಲ್ಲಿ ಕಾಣ್ತಿವೆ, ತಕ್ಕಡಿ ತೂಕ ಸರಿಯಾಗಿ ಬರ್ತಿದೆ. ಕೇಬಲ್ ಕಿತ್ತು ಹಾಕಿದ್ರೂ ತಾನಾಗೇ ಸೇರತ್ತೆ. ಫ್ಯಾಟ್ ಮಿಷನ್ನಿಂದ ಮಾತ್ರ ಬರೀ ಚಿತ್ರವಿಚಿತ್ರ ಅಕ್ಷರ. ಸಾಫ್ಟ್‌ವೇರಲ್ಲಿ 2400 ಅಂತಾನೇ ಇದೆ.

ಸೀರಿಯಲ್_ಸರಸ್ವತಿಪುರಂ
ರಾ ಟಿಸಿಪಿಯಲ್ಲಿ ವಿಂಡೋಸ್‌ನ ಬಾಡ್ ರೇಟ್ (ಸೀರಿಯಲ್ ವೇಗ) ಹೋಸ್ಟಿಗೆ ದಾಟಲ್ಲ, ಯಾಮಲ್‌ನಲ್ಲಿ ಬರೆದದ್ದೇ ನಡೆಯೋದು. 3002ರ ಸಾಲಲ್ಲಿ 2400ಎನ್81 ಮಾಡಿ ಎಸ್‌ಇಆರ್2ನೆಟ್ ರೀಸ್ಟಾರ್ಟ್ ಕೊಡಿ. ಪ್ಯಾರಿಟಿ ಬೇರೆ ಇದ್ರೆ ಎನ್ ಜಾಗದಲ್ಲಿ ಇ (ಈವನ್) ಅಥವಾ ಒ (ಆಡ್), ಮಿಷನ್ ಮ್ಯಾನುಯಲ್ ನೋಡಿ. ವಿಎಂ ಮುಟ್ಟೋದು ಬೇಡ.