‘ಒಬ್ಬನೇ ದೇವರು’, ‘ಅದೇ ದೇವರು’: ಒಂದು ವಾಕ್ಯದ ಅನುವಾದದ ತೊಡಕು

ಪದಾಸಕ್ತರಿಗೆಲ್ಲ ನಮಸ್ಕಾರ.

ಮತಧರ್ಮಗಳ ತೌಲನಿಕ ಅಧ್ಯಯನಕ್ಕೆ ಸೇರಿದ ಪಠ್ಯವೊಂದರ ಕನ್ನಡ ಅನುವಾದವನ್ನು ತಿದ್ದಿಕೊಡುವ ಕೆಲಸ ಸದ್ಯ ನನ್ನ ಪಾಲಿಗೆ ಬಂದಿದೆ. ಅದರ ಒಂದು ಅಧ್ಯಾಯದ ಮೊದಲ ವಾಕ್ಯ ಹೀಗಿದೆ: ‘ಯೆಹೂದ್ಯರು, ಕ್ರೈಸ್ತರು ಮತ್ತು ಮುಸ್ಲಿಮರು ಒಬ್ಬನೇ ದೇವರನ್ನು ಆರಾಧಿಸುತ್ತಾರೆಯೆ?’ ಮೊದಲ ಓದಿಗೆ ಇದರಲ್ಲಿ ಯಾವ ದೋಷವೂ ಕಾಣಲಿಲ್ಲ. ಎರಡನೆಯ ಸಲ ಓದುವಾಗ, ಓದುಗನೊಬ್ಬ ‘ಹೌದು, ಅದರಲ್ಲಿ ಅನುಮಾನವೇನು?’ ಎಂದು ಮುಂದಿನ ಪುಟಕ್ಕೆ ಹೋಗಿಬಿಡಬಹುದಲ್ಲ ಎನ್ನಿಸಿತು. ಮೂರೂ ಏಕದೇವೋಪಾಸನೆಯ ಮತಗಳು. ಪ್ರತಿಯೊಂದರಲ್ಲಿಯೂ ದೇವರು ಒಬ್ಬನೇ. ಆದರೆ ಪಠ್ಯ ಕೇಳುತ್ತಿರುವುದು ಅದನ್ನಲ್ಲ. ಒಬ್ಬೊಬ್ಬರೂ ‘ಒಬ್ಬನೇ’ ಎಂದು ಹೇಳುವ ಆ ಒಬ್ಬ ಮೂವರಿಗೂ ಅವನೇಯೋ, ಬೇರೆ ಬೇರೆಯೋ ಎಂಬುದು ಅಲ್ಲಿನ ಪ್ರಶ್ನೆ.

ತೊಡಕಿರುವುದು ನಮ್ಮ ‘ಏ’ ಎಂಬ ಅವಧಾರಣೆಯಲ್ಲಿ, ಅಂದರೆ ಒತ್ತಿಹೇಳುವ ಪ್ರತ್ಯಯದಲ್ಲಿ. ‘ಮೂವರು ಹುಡುಗರೂ ಒಂದೇ ಪುಸ್ತಕ ಓದಿದರು’ ಎಂಬ ವಾಕ್ಯವನ್ನು ನೋಡಿ. ತಲಾ ಒಂದೊಂದನ್ನು ಮಾತ್ರ ಓದಿದರು, ಎರಡನೆಯದನ್ನು ಮುಟ್ಟಲಿಲ್ಲ ಎಂಬುದು ಒಂದು ಅರ್ಥ. ಮೂವರೂ ಓದಿದ್ದು ಒಂದು ಪುಸ್ತಕವನ್ನೇ ಎಂಬುದು ಇನ್ನೊಂದು. ಮಾತಿನಲ್ಲಿ ದನಿಯ ಏರಿಳಿತವೂ ಸಂದರ್ಭವೂ ಇದನ್ನು ಬಗೆಹರಿಸುತ್ತವೆ, ಬರಹದಲ್ಲಿ ಬಗೆಹರಿಸುವುದಿಲ್ಲ. ‘ಒಬ್ಬನೇ’ ಸಂಖ್ಯೆಯನ್ನೂ ಹೇಳುತ್ತದೆ, ಅಭಿನ್ನತೆಯನ್ನೂ ಹೇಳುತ್ತದೆ. ಇದರ ಮೇಲೆ ‘ದೇವನೊಬ್ಬ ನಾಮ ಹಲವು’ ಎಂಬ ಮಾತು ಕನ್ನಡಿಗರ ನಾಲಗೆಯ ತುದಿಯಲ್ಲೇ ಇರುವುದರಿಂದ, ಪ್ರಶ್ನೆಯನ್ನು ಓದಿ ಮುಗಿಸುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ. ಆ ಮಾತಿನ ಔದಾರ್ಯದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಈ ಮೂರು ಮತಗಳ ಪಂಡಿತರು ಶತಮಾನಗಳಿಂದ ವಾದಿಸಿಕೊಂಡು ಬಂದಿರುವುದು ಹೆಸರುಗಳು ಹಲವೆಂದಲ್ಲ.

ಹಾಗಾದರೆ ‘ಅದೇ ದೇವರನ್ನು’ ಎಂದು ತಿದ್ದಬಹುದೆ? ‘ಅದೇ’ ಎನ್ನಬೇಕಾದರೆ ಮೊದಲು ಯಾವುದೋ ಒಂದನ್ನು ತೋರಿಸಿರಬೇಕು. ‘ಯೆಹೂದ್ಯರು ಆರಾಧಿಸುವ ದೇವರನ್ನೇ ಕ್ರೈಸ್ತರೂ ಮುಸ್ಲಿಮರೂ ಆರಾಧಿಸುತ್ತಾರೆಯೆ?’ ಎಂದು ಬರೆದರೆ ದ್ವಂದ್ವಾರ್ಥವೇನೋ ಹೋಗುತ್ತದೆ, ಆದರೆ ಯೆಹೂದ್ಯರ ದೇವರು ಅಳತೆಗೋಲಾಗುತ್ತಾನೆ. ಕಾಲಾನುಕ್ರಮದಲ್ಲಿ ಅವರ ಗ್ರಂಥ ಮೊದಲಿನದಾದ್ದರಿಂದ ಇದು ಸರಿಯೆಂದು ತೋರಬಹುದು. ಆದರೆ ಮೂರೂ ಮತಗಳವರು ತಮ್ಮ ಮೂಲಪುರುಷನೆನ್ನುವ ಅಬ್ರಹಾಮನು ಯೆಹೂದ್ಯನೂ ಆಗಿರಲಿಲ್ಲ, ಕ್ರೈಸ್ತನೂ ಆಗಿರಲಿಲ್ಲ ಎಂದು ಕುರ್‌ಆನ್‌ನ 3ನೆಯ ಅಧ್ಯಾಯದ 67ನೆಯ ವಚನ ಹೇಳುತ್ತದೆ. ಅಂದರೆ ‘ಅದೇ’ ಎಂಬುದು ಯಾರತ್ತ ಕೈ ತೋರಿಸಬೇಕು ಎಂಬುದೇ ಈ ವಿವಾದದ ಒಂದು ಭಾಗ.

ಇನ್ನು ಹೆಸರುಗಳಿಗೆ ಬರುತ್ತೇನೆ, ಏಕೆಂದರೆ ಕನ್ನಡದ ಓದುಗನಿಗೆ ಮೂರು ದೇವರುಗಳಿದ್ದಾರೆ ಎಂಬ ಅನಿಸಿಕೆ ಬರುವುದು ಬಹುಮಟ್ಟಿಗೆ ಇವುಗಳಿಂದಲೇ. ‘ಯೆಹೋವ’ ಎಂದು ಕನ್ನಡ ಬೈಬಲಿನಲ್ಲಿ ಕಾಣುವ ರೂಪವನ್ನು ಯೆಹೂದ್ಯರು ಉಚ್ಚರಿಸುವುದೇ ಇಲ್ಲ. ಹೀಬ್ರೂ ಬೈಬಲಿನಲ್ಲಿ 6,800ಕ್ಕೂ ಹೆಚ್ಚು ಸಲ ಬರುವ ಆ ನಾಲ್ಕು ವ್ಯಂಜನಗಳ ಹೆಸರನ್ನು ಕಂಡಲ್ಲೆಲ್ಲ ಅವರು ‘ಅದೋನಾಯ್’, ಅಂದರೆ ನನ್ನ ಒಡೆಯ, ಎಂದು ಓದುತ್ತಾರೆ. ದಿನದ ಮಾತಿನಲ್ಲಿ ‘ಹಶೇಮ್’, ಅಂದರೆ ‘ಆ ಹೆಸರು’, ಎಂದಷ್ಟೇ ಹೇಳುತ್ತಾರೆ. ಬರೆದಿರುವ ವ್ಯಂಜನಗಳಿಗೆ ‘ಅದೋನಾಯ್’ ಪದದ ಸ್ವರಚಿಹ್ನೆಗಳನ್ನು ಕೂಡಿಸಿ ಓದಿದ್ದರಿಂದ ‘ಯೆಹೋವ’ ಹುಟ್ಟಿತು. ಹೀಗೆ ಓದಬಾರದೆಂಬ ಸೂಚನೆಯೇ ಹೆಸರಾಗಿ ನಿಂತದ್ದು ಪದಚರಿತ್ರೆಯ ಸೊಗಸುಗಳಲ್ಲೊಂದು. ಕಥೋಲಿಕರ ಕನ್ನಡ ಬೈಬಲು ಇದೇ ಜಾಗದಲ್ಲಿ ‘ಸರ್ವೇಶ್ವರ’ ಎಂದು ಬಳಸುತ್ತದೆ. ಒಂದೇ ಭಾಷೆಯಲ್ಲಿ, ಒಂದೇ ಮತದೊಳಗೆ, ಒಂದೇ ಮೂಲಪದಕ್ಕೆ ಎರಡು ಹೆಸರುಗಳಿದ್ದರೂ ಎರಡು ದೇವರುಗಳೆಂದು ಯಾರೂ ಹೇಳುವುದಿಲ್ಲ. ಬೈಬಲಿನ ವಿಮೋಚನಕಾಂಡದ 6ನೆಯ ಅಧ್ಯಾಯದಲ್ಲಿ ದೇವರೇ ಮೋಶೆಗೆ, ಅಬ್ರಹಾಮ, ಇಸಾಕ, ಯಾಕೋಬರಿಗೆ ತಾನು ‘ಏಲ್ ಶದ್ದಾಯ್’ ಆಗಿ ಕಾಣಿಸಿಕೊಂಡೆನೆಂದೂ ಆ ನಾಲ್ಕು ವ್ಯಂಜನಗಳ ಹೆಸರಿನಿಂದ ಅವರಿಗೆ ಗೊತ್ತಾಗಲಿಲ್ಲವೆಂದೂ ಹೇಳುತ್ತಾನೆ. ಹೆಸರು ಬದಲಾಗಿಯೂ ಅವನೇ ಎಂಬುದು ಆ ಗ್ರಂಥದ್ದೇ ಮಾತು.

‘ಅಲ್ಲಾಹ್’ ಎಂಬುದರ ಕಥೆ ಇದಕ್ಕಿಂತ ಸರಳ. ಅರಬ್ಬಿಯಲ್ಲಿ ‘ಇಲಾಹ್’ ಎಂದರೆ ಯಾವುದೇ ದೇವರು, ಆರಾಧ್ಯ. ಅದಕ್ಕೆ ‘ಅಲ್’ ಎಂಬ ನಿರ್ದೇಶಕ ಸೇರಿ ಕೂಡಿದ ರೂಪವೇ ‘ಅಲ್ಲಾಹ್’ ಎಂಬುದು ಸಾಮಾನ್ಯವಾಗಿ ಒಪ್ಪಿರುವ ನಿಷ್ಪತ್ತಿ. ಹೀಬ್ರೂವಿನ ‘ಎಲೋಅಹ್’, ಸಿರಿಯಾಕಿನ ‘ಅಲಾಹಾ’ ಇದರ ಒಡಹುಟ್ಟುಗಳು. ಅರಬ್ಬಿ ಮಾತನಾಡುವ ಕ್ರೈಸ್ತರ ಬೈಬಲಿನ ಮೊದಲ ವಾಕ್ಯದಲ್ಲಿ ಆಕಾಶವನ್ನೂ ಭೂಮಿಯನ್ನೂ ಸೃಷ್ಟಿಸುವವನು ‘ಅಲ್ಲಾಹ್’ ಎಂದೇ ಇದೆ. 10ನೆಯ ಶತಮಾನದಲ್ಲಿ ಯೆಹೂದ್ಯರ ಧರ್ಮಗ್ರಂಥವಾದ ತೋರಾವನ್ನು ಅರಬ್ಬಿಗೆ ತಂದ ಯೆಹೂದಿ ವಿದ್ವಾಂಸ ಸಾದಿಯಾ ಗಾವೋನ್ ಬಳಸಿದ್ದೂ ಆ ಪದವನ್ನೇ. ಬಹುತೇಕ ಕಥೋಲಿಕರೇ ಇರುವ ಮಾಲ್ಟಾ ದೇಶದ ಭಾಷೆಯಲ್ಲಿ ದೇವರಿಗೆ ‘ಅಲ್ಲಾ’ ಎನ್ನುತ್ತಾರೆ. ಇದಕ್ಕೆ ವಿರುದ್ಧವಾಗಿ ಮಲೇಷ್ಯಾದಲ್ಲಿ ಕ್ರೈಸ್ತರ ಪತ್ರಿಕೆಯೊಂದು ಮಲಯ ಭಾಷೆಯಲ್ಲಿ ‘ಅಲ್ಲಾಹ್’ ಎಂದು ಬರೆಯಬಹುದೇ ಎಂಬುದು ನ್ಯಾಯಾಲಯದ ಮೆಟ್ಟಿಲೇರಿತು. 2009ರಲ್ಲಿ ಬರೆಯಬಹುದೆಂದೂ 2013ರಲ್ಲಿ ಮೇಲ್ಮನವಿಯಲ್ಲಿ ಬರೆಯಬಾರದೆಂದೂ ತೀರ್ಪಾಯಿತು. ಒಂದು ಪದ ಸಾಮಾನ್ಯನಾಮವೋ ಅಂಕಿತನಾಮವೋ ಎಂಬ ವ್ಯಾಕರಣದ ಪ್ರಶ್ನೆಗೆ ನ್ಯಾಯಾಧೀಶರು ಕೂರಬೇಕಾಗಿ ಬಂದದ್ದು ನಮ್ಮಂಥವರಿಗೆ ಸ್ವಾರಸ್ಯದ ಸಂಗತಿಯೇ. ಕನ್ನಡದಲ್ಲಿ ‘ಅಲ್ಲಾಹ್’ ಅಂಕಿತನಾಮವಾಗಿ ನೆಲೆಗೊಂಡಿದೆ. ಅದರಿಂದಾಗಿ ‘ನಮ್ಮ ಆರಾಧ್ಯನೂ ನಿಮ್ಮ ಆರಾಧ್ಯನೂ ಒಬ್ಬನೇ’ ಎಂದು ಗ್ರಂಥದ ಜನರಿಗೆ, ಅಂದರೆ ಯೆಹೂದ್ಯರಿಗೂ ಕ್ರೈಸ್ತರಿಗೂ, ಹೇಳಬೇಕೆನ್ನುವ ಕುರ್‌ಆನ್‌ನ 29:46ರಲ್ಲಿ ಇರುವುದು ‘ಅಲ್ಲಾಹ್’ ಅಲ್ಲ, ‘ಇಲಾಹ್’ ಎಂಬ ಸೂಕ್ಷ್ಮ ಹಲವರ ಗಮನಕ್ಕೆ ಬರುವುದಿಲ್ಲ.

ಈಗ ನಮ್ಮ ‘ದೇವರು’. ಈ ಪದದ ಬಗ್ಗೆ ನಾನು ತುಸು ಹೆಚ್ಚು ಹೊತ್ತು ನಿಲ್ಲುವುದನ್ನು ಸದಸ್ಯರು ಕ್ಷಮಿಸಬೇಕು. ರೂಪದಲ್ಲಿ ಇದು ‘ದೇವ’ಕ್ಕೆ ‘ಅರು’ ಹತ್ತಿದ ಗೌರವ ಬಹುವಚನ. ಆದರೆ ನಾವು ‘ದೇವರಿದ್ದಾನೆ’ ಎಂದು ಏಕವಚನದ ಕ್ರಿಯಾಪದವನ್ನು ಯಾವ ಅಳುಕೂ ಇಲ್ಲದೆ ಸೇರಿಸುತ್ತೇವೆ. ಹಳೆಯ ಕನ್ನಡ ಬೈಬಲಿನ ಮೊದಲ ವಾಕ್ಯದಲ್ಲಿಯೂ ‘ದೇವರು … ಉಂಟುಮಾಡಿದನು’ ಎಂದೇ ಇದೆ. ಹೀಬ್ರೂ ಮೂಲದಲ್ಲಿ ಆಗಿರುವುದೂ ಇದೇ: ‘ಎಲೋಹೀಮ್’ ಬಹುವಚನ ರೂಪ, ‘ಬಾರಾ’ ಏಕವಚನ ಕ್ರಿಯಾಪದ. ಮುಂದೆ ದಶಾಜ್ಞೆಗಳಲ್ಲಿ ‘ಬೇರೆ ದೇವರುಗಳು’ ಬೇಡವೆಂದು ಬರುವ ಕಡೆ ಹೀಬ್ರೂ ಅದೇ ‘ಎಲೋಹೀಮ್’ ಪದವನ್ನಿಟ್ಟು ವಿಶೇಷಣವನ್ನು ಬಹುವಚನಕ್ಕೆ ತಿರುಗಿಸುತ್ತದೆ. ಕನ್ನಡ ಬಹುವಚನದ ಮೇಲೆ ಇನ್ನೊಂದು ಬಹುವಚನ ಹೊರಿಸಿ ‘ದೇವರುಗಳು’ ಎನ್ನುತ್ತದೆ. ದೊಡ್ಡಕ್ಷರ, ಸಣ್ಣಕ್ಷರಗಳ ಭೇದದಿಂದ ಇಂಗ್ಲಿಷು ಮಾಡುವ ಕೆಲಸವನ್ನು ನಾವು ಮಾಡಲಾರೆವೆಂದು ಅನುವಾದಕರು ಕೊರಗುವುದುಂಟು. ನನಗೇನೋ ‘ದೇವರು’, ‘ದೇವ’, ‘ದೇವತೆ’, ‘ದೇವರುಗಳು’ ಇಷ್ಟು ಕೈಯಲ್ಲಿರುವಾಗ ಅದರ ಅಗತ್ಯವೇ ಕಾಣುವುದಿಲ್ಲ.

ಷಷ್ಠೀ ವಿಭಕ್ತಿಯೂ ಇಲ್ಲಿ ದಾರಿ ತಪ್ಪಿಸುತ್ತದೆ. ‘ಅವರ ದೇವರು’, ‘ಇವರ ದೇವರು’ ಎಂದೊಡನೆ ಇಬ್ಬರಿದ್ದಾರೆ ಎಂಬಂತೆ ಕೇಳಿಸುತ್ತದೆ. ಆದರೆ ಉರಿಯುವ ಪೊದೆಯ ಬಳಿ ಮೋಶೆ ಕೇಳಿಸಿಕೊಂಡದ್ದು ‘ಅಬ್ರಹಾಮನ ದೇವರು, ಇಸಾಕನ ದೇವರು, ಯಾಕೋಬನ ದೇವರು’ ಎಂದು. ಷಷ್ಠಿ ಮೂರು, ದೇವರು ಒಬ್ಬ. ಕುರ್‌ಆನ್‌ನ 2:133ರಲ್ಲಿ ಸಾಯುವ ಹೊತ್ತಿನ ಯಾಕೋಬನಿಗೆ ಮಕ್ಕಳು ಕೊಡುವ ಉತ್ತರದ ಓಟವೂ ಹಾಗೆಯೇ ಇದೆ: ‘ನಿನ್ನ ಆರಾಧ್ಯನನ್ನು, ನಿನ್ನ ಪಿತೃಗಳಾದ ಇಬ್ರಾಹೀಮ್, ಇಸ್ಮಾಯೀಲ್, ಇಸ್‌ಹಾಕರ ಆರಾಧ್ಯನನ್ನು, ಏಕೈಕ ಆರಾಧ್ಯನನ್ನು ಆರಾಧಿಸುತ್ತೇವೆ.’ ಷಷ್ಠಿಯಿಂದ ಹಲವಾಗಿ ಕಂಡೀತೆಂಬ ಸಂಶಯ ಹೇಳುವವರಿಗೇ ಬಂದಂತೆ, ಕೊನೆಯಲ್ಲಿ ‘ಏಕೈಕ’ ಎಂಬುದು ಬಂದು ಕೂರುತ್ತದೆ.

ಪದಗಳನ್ನು ಬಿಡಿಸಿದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ಜರ್ಮನಿಯ ತತ್ತ್ವಜ್ಞ ಫ್ರೇಗ 1892ರಲ್ಲಿ ಮಾಡಿದ ವಿಂಗಡಣೆ ಇಲ್ಲಿ ಬಳಕೆಗೆ ಬರುತ್ತದೆ: ನಸುಕಿನ ಬೆಳ್ಳಿಯೂ ಸಂಜೆಯ ಚುಕ್ಕಿಯೂ ಶುಕ್ರಗ್ರಹವೇ ಆದರೂ ಆ ಎರಡು ಹೆಸರುಗಳು ತಿಳಿಸುವ ಬಗೆ ಬೇರೆ. ಯೇಸು ದೇವರ ಮಗನಲ್ಲ ಎಂದು ಮುಸ್ಲಿಮನೊಬ್ಬನು ಹೇಳಿ, ಮಗನೇ ಹೌದು ಎಂದು ಕ್ರೈಸ್ತನು ಎದುರು ಹೇಳಿದಾಗ, ಇಬ್ಬರೂ ‘ದೇವರು’ ಎನ್ನುತ್ತಿರುವುದು ಬೇರೆ ಬೇರೆಯವರನ್ನಾದರೆ ಅವರ ನಡುವೆ ಜಗಳವೇ ಇಲ್ಲ. ಅವರು ಬರಿದೇ ಬೇರೆ ಬೇರೆ ಮಾತಾಡುತ್ತಿದ್ದಾರೆ. ಭಿನ್ನಾಭಿಪ್ರಾಯಕ್ಕೂ ಒಂದು ಸಮಾನ ವಿಷಯ ಬೇಕು. ಈ ವಾದ ನನಗೆ ಬಲವಾದದ್ದೆನಿಸುತ್ತದೆ. ಆದರೆ ಇದಕ್ಕೆ ಕ್ರೈಸ್ತರಲ್ಲಿ ಕೆಲವರು ಕೊಡುವ ಉತ್ತರವನ್ನು ತಳ್ಳಿಹಾಕುವಂತಿಲ್ಲ: ತಂದೆ, ಮಗ, ಪವಿತ್ರಾತ್ಮ ಎಂಬುದು ದೇವರ ಬಗೆಗಿನ ಹೆಚ್ಚುವರಿ ವಿವರವಲ್ಲ, ದೇವರೆಂದರೆ ಯಾರು ಎಂಬುದೇ ಅದು, ಅದನ್ನು ನಿರಾಕರಿಸಿದವರು ಅವನ ಬಗ್ಗೆ ತಪ್ಪು ಹೇಳುತ್ತಿಲ್ಲ, ಬೇರೊಬ್ಬನನ್ನು ಕುರಿತು ಹೇಳುತ್ತಿದ್ದಾರೆ ಎಂದು. ಇದನ್ನು ಒಪ್ಪಿದರೆ, ತಂದೆ, ಮಗ, ಪವಿತ್ರಾತ್ಮ ಎಂಬ ಮಾತನ್ನೇ ಕೇಳಿರದ ಅಬ್ರಹಾಮನನ್ನು ಎಲ್ಲಿಡುವುದು ಎಂಬ ಪ್ರಶ್ನೆ ಏಳುತ್ತದೆ. ಅವನ ದೇವರೇ ಬೇರೆ ಎನ್ನುವ ದಾರಿಯೂ ಕ್ರೈಸ್ತರಿಗೆ ಇಲ್ಲ. ಹಳೆಯ ಒಡಂಬಡಿಕೆಯ ದೇವರು ಬೇರೆ, ಯೇಸುವಿನ ತಂದೆ ಬೇರೆ ಎಂದ ಮಾರ್ಸಿಯನ್ನನನ್ನು ರೋಮಿನ ಸಭೆ 2ನೆಯ ಶತಮಾನದಲ್ಲೇ ಹೊರಗಿಟ್ಟಿತ್ತು. (ಮುಂದೆ ಮಗನೂ ತಂದೆಯೂ ಒಂದೇ ಸತ್ವದವರೇ ಎಂದು ಚರ್ಚಿಸಿದ, ಕ್ರೈಸ್ತ ಬಿಷಪರ 325ರ ನಿಕೇಯದ ಸಭೆಯಲ್ಲಿಯೂ ಜಗಳ ನಿಂತದ್ದು ಗ್ರೀಕಿನ ‘ಹೋಮೋ’ ಎಂಬ, ನಮ್ಮ ‘ಅದೇ’ಗೆ ಸಮನಾದ, ಪದಾಂಶದ ಮೇಲೆ. ಅದು ಬೇರೆಯೇ ಪತ್ರಕ್ಕೆ ಸಾಕಾಗುವ ವಿಷಯ.)

ಅಧಿಕೃತ ಬರಹಗಳ ಪದಪ್ರಯೋಗದಲ್ಲಿ ಈ ಎಚ್ಚರ ಎದ್ದು ಕಾಣುತ್ತದೆ. ಪೋಪ್ ಏಳನೆಯ ಗ್ರೆಗೊರಿ 1076ರಲ್ಲಿ ಉತ್ತರ ಆಫ್ರಿಕದ ಮುಸ್ಲಿಂ ದೊರೆಯೊಬ್ಬನಿಗೆ ಬರೆದ ಪತ್ರದಲ್ಲಿ, ನಾವಿಬ್ಬರೂ ಬೇರೆ ಬಗೆಯಲ್ಲಾದರೂ ಒಬ್ಬ ದೇವರನ್ನು ನಂಬುತ್ತೇವೆ ಎಂದ. ಕಥೋಲಿಕ ಬಿಷಪರ ಎರಡನೆಯ ವ್ಯಾಟಿಕನ್ ಮಹಾಸಭೆಯ 1964ರ ದಸ್ತಾವೇಜು ಮುಸ್ಲಿಮರು ‘ನಮ್ಮೊಂದಿಗೆ’ ಏಕೈಕನೂ ಕರುಣಾಳುವೂ ಆದ ದೇವರನ್ನು ಆರಾಧಿಸುತ್ತಾರೆ ಎನ್ನುತ್ತದೆ. ಲ್ಯಾಟಿನ್ನಿನಲ್ಲಿ ‘ಅದೇ’ ಎನ್ನಲು ‘ಎಉಂದೆಮ್’ ಎಂಬ ಪದ ಇದ್ದರೂ ಅಲ್ಲಿ ಬಳಸಿದ್ದು ‘ನೋಬಿಸ್ಕುಮ್’, ‘ನಮ್ಮೊಂದಿಗೆ’. 1985ರಲ್ಲಿ ಕಾಸಾಬ್ಲಾಂಕಾದ ಮುಸ್ಲಿಂ ಯುವಜನರ ಮುಂದೆ ಪೋಪ್ ಎರಡನೆಯ ಜಾನ್ ಪಾಲ್ ಮಾತ್ರ ನಾವು ‘ಅದೇ’ ದೇವರನ್ನು ನಂಬುತ್ತೇವೆ ಎಂದು ಬಿಡಿಸಿಯೇ ಹೇಳಿದರು. ಯೆಹೂದಿ ಪಂಡಿತರಲ್ಲಿ ಮೈಮೊನಿದೀಸ್ ಮುಸ್ಲಿಮರ ಏಕದೇವಭಾವದಲ್ಲಿ ಕಲಬೆರಕೆಯಿಲ್ಲವೆಂದು ಒಪ್ಪಿದರೂ ಕ್ರೈಸ್ತರ ವಿಷಯದಲ್ಲಿ ಹಾಗೆ ಹೇಳಲಿಲ್ಲ. ‘ಅವನೇ’ ಎಂಬುದು ನಿಜವಾದರೆ ಮೂರೂ ಕಡೆಯಿಂದ ನಿಜವಾಗಬೇಕು. ಒಪ್ಪಿಗೆ ಮಾತ್ರ ಮೂರೂ ಕಡೆಯಿಂದ ಒಂದೇ ತೆರನಾಗಿ ಬರುವುದಿಲ್ಲ.

ಕ್ರಿಯಾಪದದ ಬಗ್ಗೆ ಎರಡು ಮಾತು. ‘ಪೂಜಿಸು’ ಎಂದರೆ ಮೂರ್ತಿಯೂ ಉಪಚಾರಗಳೂ ಕಣ್ಣಮುಂದೆ ಬರುವುದರಿಂದ ಮೂವರಿಗೂ ಒಗ್ಗದು. ‘ಆರಾಧಿಸು’ ಕನ್ನಡದ ಬೈಬಲಿನಲ್ಲಿಯೂ ಕುರ್‌ಆನ್ ಅನುವಾದಗಳಲ್ಲಿಯೂ ಬಳಕೆಯಾಗಿದೆ, ಅದೇ ಇರಲಿ. ಹೀಬ್ರೂವಿನ ‘ಅವೋದಾ’, ಅರಬ್ಬಿಯ ‘ಇಬಾದತ್’ ಎರಡೂ ದಾಸ ಎಂಬರ್ಥದ ಒಂದೇ ಧಾತುವಿನಿಂದ ಬಂದವು, ಅದಕ್ಕೆ ‘ಸೇವೆ’ ಇನ್ನೂ ಹತ್ತಿರದ ಪದ. ಆದರೆ ಇಂದಿನ ಓದುಗ ಸೇವೆ ಎಂದರೆ ಸಮಾಜಸೇವೆ ಎಂದುಕೊಂಡಾನು.

ಇಷ್ಟೆಲ್ಲ ಯೋಚಿಸಿ ನಾನು ಸದ್ಯಕ್ಕೆ ಬರೆದಿಟ್ಟುಕೊಂಡಿರುವ ವಾಕ್ಯ ಇದು: ‘ಯೆಹೂದ್ಯರೂ ಕ್ರೈಸ್ತರೂ ಮುಸ್ಲಿಮರೂ ಆರಾಧಿಸುವ ದೇವರು ಮೂವರಿಗೂ ಒಬ್ಬನೇಯೋ, ಬೇರೆ ಬೇರೆಯೋ?’ ಇದರಲ್ಲಿ ಯಾರ ದೇವರೂ ಅಳತೆಗೋಲಾಗಿಲ್ಲ, ‘ಬೇರೆ ಬೇರೆಯೋ’ ಎಂಬುದು ‘ಒಬ್ಬನೇ’ಯ ಎರಡನೆಯ ಅರ್ಥವನ್ನು ಗಟ್ಟಿಮಾಡುತ್ತದೆ. ಆದರೆ ಮೂಲದಲ್ಲಿ ‘ಬೇರೆ’ ಎಂಬ ಪದವೇ ಇಲ್ಲವೆಂದೂ ಅದನ್ನು ಸೇರಿಸಿದರೆ ಪ್ರಶ್ನೆಗೆ ಸವಾಲಿನ ದನಿ ಬರುತ್ತದೆಂದೂ ಅನುವಾದಕರು ಹೇಳುತ್ತಾರೆ, ಮತ್ತು ಅವರ ಮಾತಿನಲ್ಲಿ ಹುರುಳಿದೆ. ‘ಬೇರೆ’ಯ ನೆರವಿಲ್ಲದೆ, ‘ಅದೇ’ಯ ಕೈಮರವಿಲ್ಲದೆ, ‘ಒಬ್ಬನೇ’ ಎಂಬುದು ಅಭಿನ್ನತೆಯನ್ನು ಮಾತ್ರ ಹೇಳುವಂತೆ ಮಾಡುವ ವಾಕ್ಯರಚನೆ ಯಾರಿಗಾದರೂ ಹೊಳೆದರೆ, ಅಥವಾ ಹಳೆಯ ಗದ್ಯದಲ್ಲಿ ಅಂಥ ಪ್ರಯೋಗವನ್ನು ಯಾರಾದರೂ ಕಂಡಿದ್ದರೆ, ದಯವಿಟ್ಟು ತಿಳಿಸಿ.