ಅಪ್‌ಡೇಟ್: ದೇವರಾಯನದುರ್ಗಕ್ಕೆ ಹೋಗಿ ಬಂದೆವು

ತುಮಕೂರಿನಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳುವಂತೆ, ಗಂಡ ಹೆಂಡತಿ ಇಬ್ಬರೇ ನಡೆಯಲು ಒಂದು ಬೆಟ್ಟ, ಒಂದು ಕೆರೆ ತಿಳಿಸಿ ಎಂದು ಹೋದ ತಿಂಗಳು ಇಲ್ಲಿ ಎಲ್ಲರನ್ನೂ ಕೇಳಿದ್ದೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹೇಳಿದವರೇ ಹೆಚ್ಚು. ನನ್ನ ಹೆಂಡತಿಗೆ ಮಂಡಿನೋವು; ಆ ಕಡಿದಾದ ಬಂಡೆಯನ್ನು ಇಳಿಯುವುದು ಬೇಡವೆನಿಸಿತು. ದೇವರಾಯನದುರ್ಗವನ್ನು ಸೂಚಿಸಿದ ಅಕ್ಕನ ಮಾತು ಕೇಳಿದೆವು.

ಕೆಳಗೆ ಭೋಗ ನರಸಿಂಹನಿಗೆ ಕೈಮುಗಿದು, ಯೋಗ ನರಸಿಂಹನ ಗುಡಿಯತ್ತ ಮೆಟ್ಟಿಲು ಹತ್ತಿದೆವು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆವು. ನಿಂತದ್ದೇ ಒಳ್ಳೆಯದಾಯಿತು! ಮಂಜು ಸರಿದಂತೆ ಒಂದೊಂದೇ ಗುಡ್ಡ ಕಾಣಿಸಿಕೊಂಡಿತು. ಜಯಮಂಗಲಿ ನದಿ ಹುಟ್ಟುವುದು ಇದೇ ಬೆಟ್ಟಗಳಲ್ಲಿ ಎಂದಾಗ ಅವಳಿಗೆ ಆಶ್ಚರ್ಯ. ಅವಳ ತವರು ಕೊರಟಗೆರೆಯ ಕಡೆ. ಬಾಲ್ಯದಲ್ಲಿ ಆ ಹೊಳೆಯಲ್ಲಿ ಆಡಿದವಳು, ಅದು ಎಲ್ಲಿಂದ ಬರುತ್ತದೆಂದು ಯಾರನ್ನೂ ಕೇಳಿರಲಿಲ್ಲವಂತೆ. ಬಹಳ ಹೊತ್ತು ಅಲ್ಲಿಯೇ ಕುಳಿತಳು. ಹನ್ನೆರಡು ವರ್ಷದ ದಾಂಪತ್ಯದಲ್ಲಿ ನಾನು ಕೇಳದ ಕಥೆಗಳನ್ನೆಲ್ಲ ಅಂದು ಹೇಳಿದಳು.

ಮುಂದೆ ಹೋಗುವವರಿಗೆ ಒಂದು ಮಾತು: ತಿಂಡಿಯ ಚೀಲವನ್ನು ಕೈಯಲ್ಲಿ ಹಿಡಿಯಬೇಡಿ, ಕೋತಿಗಳು ಬಿಡುವುದಿಲ್ಲ. ನಮ್ಮ ಚಿತ್ರಾನ್ನ ಹಾಗೆಯೇ ಹೋಯಿತು. ಇಳಿಯುವಾಗ ಊರುಗೋಲು ಇರಲಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

ನಾಮದ ಚಿಲುಮೆಯಲ್ಲಿ ಬಂಡೆಯೊಳಗಿನ ನೀರು ನೋಡಿ, ಸಂಜೆ ಮೈದಾಳ ಕೆರೆಯ ದಡದಲ್ಲಿ ನಿಧಾನವಾಗಿ ನಡೆದೆವು. ದಾರಿ ತೋರಿಸಿದ ಅಕ್ಕನಿಗೆ ನಮ್ಮಿಬ್ಬರ ನಮಸ್ಕಾರ. ಮಳೆ ನಿಂತ ಮೇಲೆ ಸಿದ್ದರಬೆಟ್ಟಕ್ಕೆ ಹೋಗೋಣವೆಂದು ಈ ಸಲ ಅವಳೇ ಹೇಳಿದ್ದಾಳೆ.