ಸಂಡೂರು ಗುಡ್ಡದಲ್ಲಿ ಫಿಲ್ಟರ್ ಕೈ ಕೊಡ್ತು, ಯಾವುದು ತಗೊಳ್ಳಲಿ?

ಗುಡ್ಡದ ಗೂಳಿ:
ತಲೆ ಕೆಟ್ಟಿದೆ. ಹೊಸ ಸ್ಕ್ವೀಜ್ ಫಿಲ್ಟರ್ (ಚೀಲದಲ್ಲಿ ನೀರು ತುಂಬಿ ಒತ್ತಿ ಸೋಸೋದು) ಎರಡು ಬಾಟಲಿ ತುಂಬುವಷ್ಟರಲ್ಲಿ ಕಟ್ಟಿಕೊಂಡಿತು. ಒತ್ತಿ ಒತ್ತಿ ಚೀಲವೇ ಹರಿಯಿತು, ನೀರು ಮಾತ್ರ ಹನಿ ಹನಿ. ಮ್ಯಾಪ್‌ನಲ್ಲಿ ನೀಲಿ ಗುರುತಿದ್ದ ಎರಡು ಹೊಂಡ ನಂಬಿಕೊಂಡು ಹೋಗಿದ್ದೆವು, ಅದರಲ್ಲಿ ಒಂದು ಪೂರ್ತಿ ಒಣಗಿತ್ತು. ಅರ್ಧಕ್ಕೇ ಇಳಿದು ಬಂದೆವು. ಮತ್ತೆ ಹೋಗಬೇಕು, ಈ ಸಲ ರಾತ್ರಿ ಮೇಲೇ ಉಳಿಯೋ ಪ್ಲಾನ್. ಯಾವ ಫಿಲ್ಟರ್ ಒಳ್ಳೆಯದು? ಬೇಗ ಹೇಳಿ.

ಚಾರಣ ಹುಚ್ಚ:
ಡೂಪ್ಲಿಕೇಟ್ ಮಾಲು ಗುರು. ಆನ್‌ಲೈನ್‌ನಲ್ಲಿ ತಗೊಂಡಿದ್ದಾ? ಒಳಗಿನ ವಾಷರ್ ಫೋಟೋ ಹಾಕು, ನೋಡಿದ ಕೂಡಲೇ ಹೇಳ್ತೀನಿ.

ಕೊಪ್ಪಳ ಬುತ್ತಿ:
ಯಾವ ತಿಂಗಳು? ಎಷ್ಟು ಜನ? ರಾಮನದುರ್ಗದ ಕಡೆಯಾ, ಕುಮಾರಸ್ವಾಮಿ ಕಡೆಯಾ? ನೀರಿನ ಬಣ್ಣ ಹೇಗಿತ್ತು? ಏನೂ ಹೇಳದೆ ಫಿಲ್ಟರ್ ಹೆಸರು ಕೇಳಿದರೆ ಹೇಗ್ರೀ?

ಗುಡ್ಡದ ಗೂಳಿ:
ರಾಮನದುರ್ಗದ ಕಡೆ, ಇನ್ಯಾವ ಕಡೆ. ಮಾರ್ಚ್. ಮೂವರು. ನೀರು ಕೆಂಪಗಿತ್ತು. ಸಂಡೂರಲ್ಲಿ ಹೊಂಡದ ನೀರು ಕೆಂಪಗಿರದೆ ಇನ್ನೇನು?

ಚಾರಣ ಹುಚ್ಚ:
ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ. ವಾಷರ್ ಫೋಟೋ ಎಲ್ಲಿ?

ರಾಯಚೂರು ಬಿಸಿಲು:
ಸಂಬಂಧ ಇರೋದೇ ಅಲ್ಲಿ ಮಾರಾಯ. ಆ ಫಿಲ್ಟರ್ ಒಳಗೆ ಇರೋದು ಸಣ್ಣ ಸಣ್ಣ ಟೊಳ್ಳು ಎಳೆಗಳು, ತೂತು ಸುಮಾರು 0.1 ಮೈಕ್ರಾನ್. ಅದಿರಿನ ಕೆಂಪು ಧೂಳು ಬೆರೆತ ನೀರನ್ನು ನೇರ ಒತ್ತಿದರೆ ಅಸಲಿ ಮಾಲೂ ಕಟ್ಟಿಕೊಳ್ಳುತ್ತೆ. ಮೊದಲು ಹಳೇ ಪಂಚೆ ನಾಲ್ಕು ಮಡಿಕೆ ಮಾಡಿ ಸೋಸಿ, ಪಟಿಕ ಎರಡು ಸುತ್ತು ಆಡಿಸಿ, ಕೆಸರು ತಳಕ್ಕೆ ಕೂರೋವರೆಗೂ ಬಿಡಿ. ನಮ್ಮಲ್ಲಿ ಹೊಳೆ ನೀರಿಗೆ ಅಜ್ಜಿಯರು ಮಾಡ್ತಿದ್ದದ್ದು ಇದನ್ನೇ. ಮೇಲಿನ ತಿಳಿ ಮಾತ್ರ ಫಿಲ್ಟರ್‌ಗೆ ಹಾಕಿ. ಕ್ಲೋರಿನ್ ಮಾತ್ರೆಯೂ ಕೆಸರು ನೀರಲ್ಲಿ ಸರಿಯಾಗಿ ಕೆಲಸ ಮಾಡಲ್ಲ. ಕಟ್ಟಿದ್ದು ಬಿಡಲಿ ಅಂತ ಫಿಲ್ಟರ್ ಜೊತೆಗೆ ಬಂದ ಸಿರಿಂಜ್‌ನಿಂದ ಶುದ್ಧ ನೀರು ಹಿಮ್ಮುಖವಾಗಿ ತಳ್ಳಿದ್ರಾ?

ಗುಡ್ಡದ ಗೂಳಿ:
ಸಿರಿಂಜ್ ಮನೆಯಲ್ಲೇ ಇದೆ. ಭಾರ ಕಡಿಮೆ ಮಾಡೋಣ ಅಂತ ಒಯ್ದಿರಲಿಲ್ಲ.

ಕೊಪ್ಪಳ ಬುತ್ತಿ:
😂 ಬಿಸಿ ನೀರು ಬೇಡ, ಬೆಚ್ಚಗಿನ ನೀರಲ್ಲಿ ನೆನೆಸಿಟ್ಟು ಆಮೇಲೆ ಜೋರಾಗಿ ತಳ್ಳಿ, ಬಹುಶಃ ಉಳಿಯುತ್ತೆ. ಇನ್ನೊಂದು, ಹಳೇ ಗಣಿ ಗುಂಡಿಯ ನೀರು ಮುಟ್ಟಲೇಬೇಡಿ. ನೀರಲ್ಲಿ ಕರಗಿದ ಲೋಹವನ್ನು ಈ ಫಿಲ್ಟರ್ ತೆಗೆಯಲ್ಲ, ಕುದಿಸಿದರೂ ಹೋಗಲ್ಲ. ಗುಂಡಿಯ ಅಂಚೂ ಸಡಿಲ, ಕಾಲಿಟ್ಟರೆ ಜಾರುತ್ತೆ. ಹೊರಡುವ ವಾರ ಸೆಂಟಿನೆಲ್-2 ಉಪಗ್ರಹದ ಚಿತ್ರ ನೋಡಿ, ಪುಕ್ಕಟೆ ಸಿಗುತ್ತೆ, ಸಾಮಾನ್ಯವಾಗಿ 5 ದಿನಕ್ಕೊಮ್ಮೆ ಹೊಸದು. ಮೋಡ ಇರಬಾರದು ಅಷ್ಟೇ. ಒಂದು ಚುಕ್ಕೆ ಅಂದ್ರೆ 10 ಮೀಟರ್, ಹಾಗಾಗಿ ಕೆರೆ ಕಾಣುತ್ತೆ, ಸಣ್ಣ ಹೊಂಡ ಕಾಣಲ್ಲ. ಅದಕ್ಕೆ ಕುರಿಗಾರರನ್ನೇ ಕೇಳಬೇಕು. ಕತ್ತಲಾದ ಮೇಲೆ ಹೊಂಡದ ಹತ್ತಿರ ಹೋಗಬೇಡಿ, ಕರಡಿಗೂ ಅದೇ ನೀರು.

ಹಂಪಿ ಹೈಕರ್:
ರಾತ್ರಿ ಉಳಿಯೋಕೆ ಅನುಮತಿ ಇದೆಯಾ? ವಿಜಯನಗರ ಜಿಲ್ಲೆಯ ಅರಣ್ಯ ಕಚೇರಿಯಲ್ಲಿ ಕೇಳಿ.

ತೋರಣಗಲ್ಲು ತಿರುಗ:
ಸಂಡೂರು ಬಳ್ಳಾರಿ ಜಿಲ್ಲೆ ಸ್ವಾಮಿ. 2021ರಲ್ಲಿ ಜಿಲ್ಲೆ ಒಡೆದಾಗ ನಮ್ಮ ತಾಲೂಕು ಇಲ್ಲೇ ಉಳಿಯಿತು.

ಹಂಪಿ ಹೈಕರ್:
ಹೊಸಪೇಟೆಯಿಂದ ಕಣ್ಣಳತೆಯಲ್ಲಿದೆ, ಕೊಟ್ಟಿದ್ದರೆ ಏನಾಗ್ತಿತ್ತು?

ತೋರಣಗಲ್ಲು ತಿರುಗ:
ಕಣ್ಣಿಗೆ ಕಂಡಿದ್ದೆಲ್ಲ ನಿಮ್ಮದಾ?

ಗುಡ್ಡದ ಗೂಳಿ:
ಜಿಲ್ಲೆ ಜಗಳ ಬೇರೆ ಕಡೆ ಆಡಿ. ಹಾಗಾದ್ರೆ ನೀರು ಎಷ್ಟು ಹೊರಬೇಕು?

ರಾಯಚೂರು ಬಿಸಿಲು:
ಮಾರ್ಚ್ ಬಿಸಿಲಲ್ಲಿ ನಡೆಯೋವಾಗ ಗಂಟೆಗೆ ಅರ್ಧದಿಂದ ಒಂದು ಲೀಟರ್ ಹಿಡಿಯಿರಿ. ರಾತ್ರಿ ಅಡುಗೆ, ಬೆಳಿಗ್ಗೆ ಚಹಾ ಸೇರಿದರೆ ಒಬ್ಬರಿಗೆ 6 ಲೀಟರ್, ಅಂದ್ರೆ ಹೆಗಲ ಮೇಲೆ 6 ಕೆಜಿ. ನನ್ನ ಕೇಳಿದರೆ ಮಾರ್ಚ್ ಬಿಟ್ಟು ಮಳೆ ನಿಂತ ಮೇಲೆ ನವೆಂಬರ್‌ನಲ್ಲಿ ಹೋಗಿ. ಮಾರ್ಚ್‌ನಲ್ಲೇ ಹೋಗೋದಾದ್ರೆ ಬೆಳಿಗ್ಗೆ 5ಕ್ಕೆ ಹೊರಟು ಹತ್ತರೊಳಗೆ ನೆರಳು ಸೇರಿ.

ಚಾರಣ ಹುಚ್ಚ:
6 ಕೆಜಿನಾ? ಟೆಂಟು, ಸ್ಟೌ, ಮಲಗೋ ಚೀಲ ಎಲ್ಲ ಸೇರಿ ನನ್ನ ಬ್ಯಾಗೇ 5 ಕೆಜಿ.

ಕೊಪ್ಪಳ ಬುತ್ತಿ:
ನೀರು ಸೇರಿಯಾ?

ಚಾರಣ ಹುಚ್ಚ:
ನೀರು ಬಿಟ್ಟು. ಎಲ್ಲರೂ ನೀರು ಬಿಟ್ಟೇ ಲೆಕ್ಕ ಹೇಳೋದು.

ಗುಡ್ಡದ ಗೂಳಿ:
5 ಕೆಜಿಗೆ ಟೆಂಟು ಸಮೇತನಾ? ಯಾವ ಟೆಂಟು ಅದು?